ಯಾವ ದಿಕ್ಕಿಗೆ ಕಿವಿಗೊಡಲಿ?

ಮೊದಲು ಆ ಕೊಂಬನ್ನು ಮುಟ್ಟಿ. ಲೋಹದ್ದು, ಬಿಸಿಲಿಗೆ ಕಾದಿದೆ, ಬೆರಳು ಚುರುಗುಟ್ಟುತ್ತದೆ. ಅಂಗೈಯಗಲದ ಬಾಯಿ ಹಿಂದಕ್ಕೆ ಹೋದಂತೆ ಸಣ್ಣಗಾಗುತ್ತ, ಕೊನೆಗೆ ಕಿರುಬೆರಳಿನಷ್ಟು ಕೊಳವೆಯಾಗಿ ಒಂದು ಪೆಟ್ಟಿಗೆಯೊಳಗೆ ಸೇರಿಕೊಳ್ಳುತ್ತದೆ. ಎಂಜಿನಿಯರುಗಳು ಇದನ್ನು ಹಾರ್ನ್ ಆಂಟೆನಾ ಎನ್ನುತ್ತಾರೆ. ಇವತ್ತು ನಿಮಗಿರುವ ಕಿವಿ ಇದೊಂದೇ.

2012ರ ಬೇಸಿಗೆ. ಮ್ಯಾನ್‌ಹಟನ್‌ನ ಕೆಳಪೇಟೆ, ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸುತ್ತಲಿನ ಒಂದು ಬೀದಿ. ಡಾಂಬರಿನ ಕಾವು ಚಪ್ಪಲಿ ದಾಟಿ ಅಂಗಾಲಿಗೆ ತಾಗುತ್ತಿದೆ. ಮೂಲೆಯ ಕೈಗಾಡಿಯಿಂದ ಸುಟ್ಟ ಈರುಳ್ಳಿಯ ವಾಸನೆ ಬರುತ್ತದೆ, ಅದರ ಬೆನ್ನಿಗೇ ಡೀಸೆಲ್ ಹೊಗೆ. ನಿಮ್ಮ ಮುಂದೆ ಗಾಲಿಗಳ ಮೇಲೆ ಉಪಕರಣಗಳ ರಾಶಿ. ಅದರೊಳಗಿನ ಫ್ಯಾನುಗಳು ಗುಂಯ್ ಎನ್ನುತ್ತಿವೆ. ಪರದೆಯ ಮೇಲೆ ಒಂದು ಗೆರೆ ಸಣ್ಣಗೆ ನಡುಗುತ್ತಿದೆ. ಬರೀ ನಡುಕವಾದರೆ ಅದು ಗದ್ದಲ. ಅದರ ನಡುವೆ ಒಂದು ಮೊನೆ ಎದ್ದು ನಿಂತರೆ ಅದೇ ಸಂಕೇತ. ನೀವು ಆ ಮೊನೆಗಾಗಿ ಕಾಯುತ್ತಿದ್ದೀರಿ.

ಅದನ್ನು ಕಳಿಸುತ್ತಿರುವುದು ಇಂಥದೇ ಇನ್ನೊಂದು ಕೊಂಬು. ಅದು ವಿಶ್ವವಿದ್ಯಾಲಯದ ಕಟ್ಟಡವೊಂದರ ಚಾವಣಿಯ ಮೇಲಿದೆ. ಆದರೆ ಆ ಚಾವಣಿ ನಿಮಗೆ ಕಾಣುತ್ತಿಲ್ಲ. ನಿಮಗೂ ಅದಕ್ಕೂ ನಡುವೆ ಇಟ್ಟಿಗೆಯ ಕಟ್ಟಡವೊಂದು ನಿಂತಿದೆ. ಹೊರಡುತ್ತಿರುವ ತರಂಗದ ಆವರ್ತನ 28 ಗಿಗಾಹರ್ಟ್ಸ್. ಒಂದು ಅಲೆಯ ಉದ್ದ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು, ನಿಮ್ಮ ಕಿರುಬೆರಳಿನ ಅಗಲದಷ್ಟು. ಆ ಇಟ್ಟಿಗೆ ಗೋಡೆಯೊಳಗೆ ಹೊಕ್ಕ ಅಲೆ ಆಚೆ ಬರುವಾಗ 28 ಡೆಸಿಬಲ್ ಕಳೆದುಕೊಂಡಿರುತ್ತದೆ. ಆರುನೂರು ಪಾಲಿನಲ್ಲಿ ಒಂದೇ ಪಾಲು ಉಳಿದಿರುತ್ತದೆ ಎಂದು ಲೆಕ್ಕ.

ಮೊಬೈಲ್ ಫೋನು ಇಷ್ಟು ಗಿಡ್ಡ ಅಲೆಯ ಮೇಲೆ ನಡೆಯಲಾರದು ಎಂಬುದು ಆಗಿನ ಬಹುಮತ. ಕಾರಣವಿಲ್ಲದೆ ಅಲ್ಲ. ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಆಂಟೆನಾಗಳನ್ನು ಎರಡೂ ಕಡೆ ಇಟ್ಟರೆ, 1.9 ಗಿಗಾಹರ್ಟ್ಸಿನಲ್ಲಿ ನಿಮಗೆ ಸಿಗುವ ಶಕ್ತಿಯ ಇನ್ನೂರನೇ ಒಂದು ಪಾಲು ಕೂಡ 28 ಗಿಗಾಹರ್ಟ್ಸಿನಲ್ಲಿ ಸಿಗುವುದಿಲ್ಲ. ಆ ನಷ್ಟವನ್ನು ತುಂಬಿಕೊಳ್ಳಲು ಒಂದೇ ದಾರಿ: ಎಲ್ಲ ಕಡೆ ಚೆಲ್ಲುವುದನ್ನು ಬಿಟ್ಟು ಇದ್ದ ಶಕ್ತಿಯನ್ನೆಲ್ಲ ಒಂದು ಕಡೆಗೆ ಗುರಿಯಿಡುವುದು. ಹಳೆಯ ಟವರು ಲಾಟೀನು ಇದ್ದಂತೆ, ಸುತ್ತಲೂ ಬೆಳಕು ಕೊಡುತ್ತಿತ್ತು. ಇದು ಬ್ಯಾಟರಿ. ದೂರ ಹೋಗುತ್ತದೆ, ಆದರೆ ಎತ್ತ ಹಿಡಿದಿರೋ ಅತ್ತ ಮಾತ್ರ. ಹೀಗೆ ಗುರಿಯಿಟ್ಟ ತರಂಗಕ್ಕೆ ಬೀಮ್ ಎಂದು ಹೆಸರು. ನಿಮ್ಮ ಕೊಂಬಿನ ಬೀಮ್ ಸುಮಾರು ಹನ್ನೊಂದು ಡಿಗ್ರಿ ಅಗಲ. ಉಳಿದ ಮುನ್ನೂರೈವತ್ತು ಡಿಗ್ರಿಗೆ ಅದು ಕಿವುಡು.

ಗುಂಡಿ ಒತ್ತಿ. ಮೋಟಾರು ಕೊಂಬನ್ನು ಹತ್ತು ಡಿಗ್ರಿ ತಿರುಗಿಸುತ್ತದೆ. ಪರದೆ ನೋಡಿ. ಗದ್ದಲ. ಮತ್ತೆ ಹತ್ತು. ಗದ್ದಲ. ಚಾವಣಿ ಇರುವ ಕಡೆಗೇ ನೇರವಾಗಿ ತಿರುಗಿಸುತ್ತೀರಿ, ಮನಸ್ಸು ಅಲ್ಲೇ ಇದೆ ಎನ್ನುತ್ತದೆ. ಅಲ್ಲೂ ಗದ್ದಲ. ಬೆವರು ಹುಬ್ಬಿನಿಂದ ಕಣ್ಣಿಗಿಳಿದು ಉರಿಯುತ್ತದೆ. ಅರ್ಧ ಸುತ್ತು ಮುಗಿಯಿತು. ಇನ್ನು ಉಳಿದಿರುವುದು ಬೆನ್ನ ಹಿಂದಿನ ದಿಕ್ಕುಗಳು, ಕಳಿಸುವ ಕೊಂಬಿಗೆ ಪೂರಾ ವಿರುದ್ಧವಾದವು. ಅಲ್ಲಿ ಏನಿರಲು ಸಾಧ್ಯ? ಆದರೂ ಬಿಡುವ ಹಾಗಿಲ್ಲ. ಹತ್ತು ಡಿಗ್ರಿ. ಹತ್ತು ಡಿಗ್ರಿ. ಹತ್ತು.

ಮೊನೆ.

ಗೆರೆಯ ನಡುವೆ ಚೂಪಾಗಿ ಎದ್ದು ನಿಂತಿದೆ. ಉಸಿರು ಬಿಗಿಹಿಡಿದು ಕೊಂಬಿನ ಬಾಯಿ ಎತ್ತ ನೋಡುತ್ತಿದೆಯೋ ಅತ್ತ ತಿರುಗುತ್ತೀರಿ. ರಸ್ತೆಯಾಚೆ ಕಪ್ಪು ಗಾಜಿನ ಮುಖದ ಕಟ್ಟಡ. ಅಂಥ ಗಾಜನ್ನು ಈ ತರಂಗ ದಾಟಿ ಒಳಹೋಗಬೇಕಾದರೆ 40 ಡೆಸಿಬಲ್ ತೆರಬೇಕು, ಅಂದರೆ ಹತ್ತು ಸಾವಿರದಲ್ಲಿ ಒಂದು ಪಾಲು ಒಳಗೆ. ಒಳಗೆ ಬಿಟ್ಟುಕೊಳ್ಳದ ಆ ಗಾಜೇ ತರಂಗವನ್ನು ಬಲವಾಗಿ ಹಿಂದಕ್ಕೆ ಎಸೆಯುತ್ತಿದೆ. ಚಾವಣಿಯಿಂದ ಹೊರಟ ಅಲೆ ಇಟ್ಟಿಗೆ ಕಟ್ಟಡದ ಪಕ್ಕದಿಂದ ಹಾದು, ಗಾಜಿಗೆ ಬಡಿದು, ನಿಮ್ಮ ಬೆನ್ನಿಗೆ ಬಂದಿದೆ. ನಗರವೇ ದಾರಿ ಮುಚ್ಚಿತ್ತು, ನಗರವೇ ದಾರಿ ತೆರೆದಿದೆ.

ಕೊಂಬಿನ ಕುಲದ ಬಗ್ಗೆ ಒಂದು ಮಾತು ಇಲ್ಲಿ ಬೇಕು. ಮಿಲಿಮೀಟರ್ ಅಳತೆಯ ಅಲೆಗಳನ್ನು ಲೋಹದ ಕೊಳವೆಬಾಯಿಯಿಂದ ಒಂದೇ ಕಡೆ ಹರಿಸುವುದನ್ನು 1890ರ ದಶಕದಲ್ಲೇ ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶ ಚಂದ್ರ ಬೋಸರು ಮಾಡಿದ್ದರು. ಐದು ಮಿಲಿಮೀಟರಿನಷ್ಟು ಗಿಡ್ಡ ಅಲೆಗಳವರೆಗೆ ಹೋಗಿದ್ದರು. 1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಆ ಉಪಕರಣವನ್ನು ತೋರಿಸಿದರು. ನೀವು ಈಗ ಹಿಡಿದಿರುವುದು ಆ ವಂಶದ್ದೇ.

ನಿಮ್ಮ ಸುತ್ತಲಿರುವುದು ಪ್ರೊಫೆಸರ್ ಥಿಯೊಡೋರ್ ರಾಪಪೋರ್ಟ್ ಅವರ ತಂಡ. ಬೀದಿಯಿಂದ ಬೀದಿಗೆ ಈ ಗಾಡಿ ತಳ್ಳಿ, ಕೊಂಬು ತಿರುಗಿಸಿ, ಸ್ವಲ್ಪ ಮೇಲೆತ್ತಿ ಮತ್ತೊಂದು ಸುತ್ತು, ಕೆಳಗೆ ಬಾಗಿಸಿ ಇನ್ನೊಂದು ಸುತ್ತು ಹಾಕಿ, ಅವರು ಬರೆದುಕೊಂಡದ್ದು 2013ರಲ್ಲಿ ಪ್ರಬಂಧವಾಗಿ ಬರುತ್ತದೆ. ಶೀರ್ಷಿಕೆಯಲ್ಲೇ 'ಇದು ನಡೆದೇ ನಡೆಯುತ್ತದೆ' ಎಂಬ ಅರ್ಥದ ಉದ್ಗಾರವಿದೆ. ಸುಮಾರು 200 ಮೀಟರಿನೊಳಗೆ ಸಂಕೇತ ಸಿಗುತ್ತದೆ, ಅದರಾಚೆ ಕಟ್ಟಡಗಳು ನುಂಗುತ್ತವೆ ಎಂದು ಅವರ ಅಳತೆ ಹೇಳುತ್ತದೆ. ಪ್ರತಿ ಜಾಗದಲ್ಲೂ ಸಂಕೇತ ಸರಾಸರಿ ಎರಡು-ಮೂರು ದಿಕ್ಕುಗಳಿಂದ ಮಾತ್ರ ಬರುತ್ತದೆ, ಉಳಿದೆಲ್ಲ ದಿಕ್ಕು ಬರಿದು ಎಂದೂ ಹೇಳುತ್ತದೆ.

ಆ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಈಗ ಕೊಂಬು ಕೆಳಗಿಡಿ. ಏಳು ವರ್ಷ ದಾಟಿ ಬನ್ನಿ.

2019ರ ಏಪ್ರಿಲ್, ಷಿಕಾಗೋ. ಸರೋವರದ ಕಡೆಯಿಂದ ಬೀಸುವ ಗಾಳಿಗೆ ಕಿವಿಯ ತುದಿ ಮರಗಟ್ಟಿದೆ. ಇದೇ ತಿಂಗಳ 3ರಂದು ವೆರೈಜನ್ ಕಂಪನಿ ಇಲ್ಲಿ ಮತ್ತು ಮಿನಿಯಾಪೊಲಿಸ್‌ನಲ್ಲಿ 28 ಗಿಗಾಹರ್ಟ್ಸಿನ ಮೊಬೈಲ್ ಸೇವೆ ಶುರುಮಾಡಿದೆ. ಬೀದಿದೀಪದ ಕಂಬದ ಮೇಲೆ ಹೊಸದೊಂದು ಬಿಳಿ ಡಬ್ಬಿ ಕೂತಿದೆ. ನಿಮ್ಮ ಕೈಯಲ್ಲಿ ಫೋನಿದೆ. ಬೆರಳು ಚಳಿಗೆ ಸೆಟೆದಿದೆ, ಆದರೂ ಕೈಗವಸು ತೆಗೆದು ಹಿಡಿದಿದ್ದೀರಿ. ಪರದೆಯಲ್ಲಿ ದೊಡ್ಡ ಫೈಲೊಂದು ಸರಸರನೆ ಇಳಿಯುತ್ತಿದೆ.

ಈ ಫೋನಿನೊಳಗೆ ಮೋಟಾರಿಲ್ಲ, ತಿರುಗುವ ಕೊಂಬಿಲ್ಲ. ಅಂಚಿನಲ್ಲಿ ಅಕ್ಕಿಕಾಳಿಗಿಂತ ದೊಡ್ಡದಲ್ಲದ ಆಂಟೆನಾಗಳು ಸಾಲಾಗಿ ಕೂತಿವೆ. ಕಂಬದ ಡಬ್ಬಿಯಲ್ಲಿ ಅವು ಹತ್ತಾರು, ನೂರಾರು. ಅಲೆ ಗಿಡ್ಡವಾದದ್ದರ ಲಾಭ ಇದು: ಎಂಟು ಸಾಲಿನಲ್ಲಿ ಎಂಟೆಂಟರಂತೆ 64 ಆಂಟೆನಾ ಜೋಡಿಸಿದರೂ ನಾಲ್ಕೂಕಾಲು ಸೆಂಟಿಮೀಟರ್ ಚೌಕದಲ್ಲಿ ಮುಗಿಯುತ್ತದೆ. ಎಲ್ಲ ಆಂಟೆನಾಗಳೂ ಒಂದೇ ಸಂಕೇತವನ್ನು ಕಳಿಸುತ್ತವೆ, ಆದರೆ ಒಂದಕ್ಕಿಂತ ಒಂದು ಕೂದಲೆಳೆಯಷ್ಟು ಹಿಂದೆಮುಂದೆ. ಆ ಹಿಂದೆಮುಂದನ್ನು ಹದವಾಗಿ ಹೊಂದಿಸಿದರೆ ಒಂದು ದಿಕ್ಕಿನಲ್ಲಿ ಅಲೆಯ ತಲೆಗೆ ತಲೆ ಕೂಡಿ ಬಲವಾಗುತ್ತದೆ, ಉಳಿದ ದಿಕ್ಕುಗಳಲ್ಲಿ ತಲೆಗೆ ಬುಡ ಸೇರಿ ಅಳಿಸಿಹೋಗುತ್ತದೆ. ಯಾವುದೂ ಅಲುಗದೆ ಬೀಮ್ ತಿರುಗುತ್ತದೆ.

ತಿರುಗಿಸುವುದು ಸುಲಭವಾಯಿತು. ಎತ್ತ ತಿರುಗಿಸಬೇಕು?

ಇದಕ್ಕೆ ನೀವು ಕಂಬವೇರಿ ಆ ಡಬ್ಬಿಯೊಳಗೆ ಬರಬೇಕು. ಬನ್ನಿ. ಇಲ್ಲಿ ಇಕ್ಕಟ್ಟು, ಬೆಚ್ಚಗಿದೆ. ಬೀದಿ ನಿಮಗೆ ಕಾಣುವುದಿಲ್ಲ. ಕೆಳಗೆ ಯಾರಿದ್ದಾರೆ, ಎಲ್ಲಿದ್ದಾರೆ, ಯಾವ ಕೈಯಲ್ಲಿ ಫೋನು ಹಿಡಿದಿದ್ದಾರೆ, ಒಂದೂ ಗೊತ್ತಿಲ್ಲ. ಕತ್ತಲಲ್ಲಿ ನಿಂತು ಒಂದೊಂದೇ ದಿಕ್ಕಿಗೆ ಒಂದು ಕೂಗು ಹಾಕಬೇಕು, ಕೂಗಿನ ಜೊತೆ ಅದರ ಕ್ರಮಸಂಖ್ಯೆಯನ್ನೂ ಹೇಳಬೇಕು. ಕೇಳಿಸಿಕೊಂಡ ಫೋನು 'ಹದಿನೇಳನೆಯದು ಚೆನ್ನಾಗಿ ಕೇಳಿತು' ಎಂದು ತಿರುಗಿ ಹೇಳಿದರೆ ನಿಮಗೆ ದಾರಿ ಸಿಕ್ಕಿತು.

5ಜಿ ನಿಯಮಗಳ ಪ್ರಕಾರ ಈ ಎತ್ತರದ ಆವರ್ತನದಲ್ಲಿ ನೀವು ಗರಿಷ್ಠ 64 ದಿಕ್ಕುಗಳಿಗೆ ಕೂಗಬಹುದು. ಅಷ್ಟೂ ಐದು ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಒಂದು ಕೂಗಿಗೆ ಸಿಗುವುದು ಸುಮಾರು 36 ಮೈಕ್ರೋಸೆಕೆಂಡ್. ಒಂದು. ಎರಡು. ಮೂರು. ಎಡಗಡೆಯ ಫುಟ್‌ಪಾತು, ಅದರ ಮುಂದಿನದು, ಬಸ್ ನಿಲ್ದಾಣ, ಗೋಡೆ, ಖಾಲಿ ಆಕಾಶ. ಹೊಸ ಫೋನೊಂದು ಬಂದು ಸೇರುವಾಗ ಇಂಥ ಒಂದು ಸುತ್ತು ಇಪ್ಪತ್ತು ಮಿಲಿಸೆಕೆಂಡಿಗೊಮ್ಮೆ ಬರುತ್ತದೆ ಎಂದು ಅದು ನಂಬಿರುತ್ತದೆ.

ಇಪ್ಪತ್ತು ಮಿಲಿಸೆಕೆಂಡ್ ಎಂದರೆ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ, ಇದರಲ್ಲಿ ಹೆದರುವುದೇನಿದೆ ಎನ್ನಿಸಬಹುದು. ತಾಳಿ. ಫೋನಿಗೂ ದಿಕ್ಕುಗಳಿವೆ. ಅದು ಎಂಟು ಕಡೆ ಕಿವಿ ತಿರುಗಿಸಬಲ್ಲದು ಎಂದಿಟ್ಟುಕೊಳ್ಳಿ. ನಿಮ್ಮ 64 ಕೂಗನ್ನೂ ಅದು ಒಂದು ಕಿವಿಯಿಂದ ಕೇಳಬೇಕು, ಮುಂದಿನ ಸುತ್ತಿನಲ್ಲಿ ಇನ್ನೊಂದು ಕಿವಿಯಿಂದ, ಹೀಗೆ ಎಂಟು ಸುತ್ತು. 512 ಜೋಡಿಗಳು, 160 ಮಿಲಿಸೆಕೆಂಡ್. ಅಷ್ಟರಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಎರಡೂವರೆ ಮೀಟರಿಗಿಂತ ಹೆಚ್ಚು ಮುಂದೆ ಹೋಗಿದೆ. ನೀವು ಹುಡುಕಿ ತಂದ ಉತ್ತರ ಅದು ಹಿಂದೆ ಇದ್ದ ಜಾಗದ್ದು. ಕೂಗುತ್ತಿರುವ ಹೊತ್ತೆಲ್ಲ ನೀವು ಮಾತಾಡುತ್ತಿಲ್ಲ ಎಂಬುದನ್ನೂ ಮರೆಯಬೇಡಿ. ಹುಡುಕಾಟಕ್ಕೆ ಹೋದ ಪ್ರತಿ ಕ್ಷಣವೂ ಮಾತಿನಿಂದ ಕಿತ್ತುಕೊಂಡದ್ದು. ಇನ್ನೂ ಚೂಪಾದ ಬೀಮ್ ಬೇಕು, ಇನ್ನೂ ದೂರ ಹೋಗಬೇಕು ಎಂದರೆ ದಿಕ್ಕುಗಳು ಇನ್ನೂ ಹೆಚ್ಚುತ್ತವೆ, ಹುಡುಕಾಟ ಇನ್ನೂ ಉದ್ದವಾಗುತ್ತದೆ. ಎತ್ತರದ ಆವರ್ತನ ಕೊಡುವ ವೇಗವನ್ನೆಲ್ಲ ದಿಕ್ಕು ಹುಡುಕುವುದರಲ್ಲೇ ಕಳೆದುಕೊಳ್ಳಬಹುದು. ಭಯ ಇರುವುದು ಅಲ್ಲಿ.

ಮತ್ತೆ ಬೀದಿಗಿಳಿಯಿರಿ. ಫೋನು ನಿಮ್ಮ ಕೈಯಲ್ಲೇ ಇದೆ, ಫೈಲು ಇಳಿಯುತ್ತಲೇ ಇದೆ. ಕಂಬದಿಂದ ನಿಮ್ಮ ಬಲಗೈವರೆಗೆ ಕಣ್ಣಿಗೆ ಕಾಣದ ಒಂದು ದಾರಿ ನೆಟ್ಟಗೆ ಚಾಚಿದೆ. ನೀವು ತೋರುಬೆರಳನ್ನು ಸ್ವಲ್ಪ ಸರಿಸಿದಿರಿ. ಅದು ಅಂಚಿನ ಒಂದು ಆಂಟೆನಾ ಸಾಲನ್ನು ಮುಚ್ಚಿತು. ಫೋನು ಕೂಡಲೇ ಇನ್ನೊಂದು ಅಂಚಿನ ಸಾಲಿಗೆ ಕೆಲಸ ಒಪ್ಪಿಸಿತು. ನಿಮಗೆ ತಿಳಿಯಲೇ ಇಲ್ಲ. ಒಬ್ಬಾಕೆ ನಿಮ್ಮ ಮುಂದಿನಿಂದ ದಾಟಿದಳು, ಆಕೆಯ ಕೋಟಿನಿಂದ ಕಾಫಿಯ ಪರಿಮಳ ಬಂತು. ಮನುಷ್ಯರ ಮೈ ಅಡ್ಡ ಬಂದರೆ ಈ ತರಂಗ ನೂರನೇ ಒಂದು ಪಾಲಿಗೆ, ಇನ್ನೂ ಕೆಳಕ್ಕೂ ಕುಸಿಯುತ್ತದೆ. ಫೈಲು ಒಂದು ಕ್ಷಣ ತಡವರಿಸಿ ಮತ್ತೆ ಓಡಿತು.

ಅಷ್ಟರಲ್ಲಿ ಬಸ್ಸು.

ಎಡಗಡೆಯಿಂದ ಅದರ ಮೂತಿ ಕಾಣುತ್ತದೆ. ಗಂಟೆಗೆ 30 ಕಿಲೋಮೀಟರ್, ಹನ್ನೆರಡು ಮೀಟರ್ ಉದ್ದದ ಲೋಹದ ಗೋಡೆ. ಕಂಬಕ್ಕೂ ನಿಮಗೂ ನಡುವೆ ಅದು ಪೂರ್ತಿ ಹಾದುಹೋಗಲು ಒಂದೂವರೆ ಸೆಕೆಂಡ್ ಬೇಕು. ಟೈರಿನಡಿಯ ನೀರು ಚಿಮ್ಮುವ ಸದ್ದು, ಬ್ರೇಕಿನ ಕಿರುಗುಟ್ಟು, ಮುಖಕ್ಕೆ ಬಡಿಯುವ ಬಿಸಿ ಹೊಗೆ. ನಿಮಗೆ ಇದು ದಿನನಿತ್ಯದ ಬಸ್ಸು. ಫೋನಿಗೆ ಇದು ಲೋಕ ಕತ್ತಲಾಗುವ ಗಳಿಗೆ.

ಕಾಲವನ್ನು ಹಿಗ್ಗಿಸಿ. ನೀವೇ ಆ ಫೋನಾಗಿ.

ಶಕ್ತಿ ಇಳಿಯುತ್ತಿದೆ. ಅರ್ಧ. ಕಾಲು. ಹತ್ತನೇ ಒಂದು. ಬಸ್ಸಿನ ಅಂಚಿನಿಂದ ಬಾಗಿ ಬಂದ ಚೂರುಪಾರು ಅಲೆ ಕೇಳುತ್ತಿದೆ, ಅದೂ ಸಣ್ಣಗಾಗುತ್ತಿದೆ. ನೂರನೇ ಒಂದು. ನಿಮ್ಮೊಳಗೆ ಒಂದು ಎಣಿಕೆ ಓಡುತ್ತಿದೆ: ಬೀಮ್ ಕೆಟ್ಟಿದೆ, ಒಂದು ಸಲ. ಮತ್ತೆ ಕೆಟ್ಟಿದೆ, ಎರಡು ಸಲ. ಎಣಿಕೆ ಮಿತಿ ಮುಟ್ಟಿದರೆ ಈ ದಾರಿ ಸತ್ತಿತೆಂದು ಸಾರಬೇಕು. ಅದಕ್ಕೆ ಮುಂಚೆ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಕಾಯಬಹುದು. ಬಸ್ಸು ಹೋಗೇ ಹೋಗುತ್ತದೆ. ಆದರೆ ಅದು ಬಸ್ಸು ಎಂದು ನಿಮಗೆ ಗೊತ್ತಿಲ್ಲ. ನಿಮ್ಮನ್ನು ಹಿಡಿದಾತ ಮೂಲೆ ತಿರುಗಿದ್ದರೆ? ಕಟ್ಟಡದೊಳಗೆ ನಡೆದಿದ್ದರೆ? ಆಗ ಕಾದದ್ದು ಕಾದದ್ದೇ.

ಎಲ್ಲ ಜೋಡಿಗಳನ್ನೂ ಮೊದಲಿಂದ ಹುಡುಕಬಹುದು. ದಾರಿ ಇದ್ದರೆ ಸಿಗುವುದು ಖಂಡಿತ. ಆದರೆ ಎಂಟು ಸುತ್ತು ಕೇಳಬೇಕು, ಅಷ್ಟರಲ್ಲಿ ನಿಮ್ಮೊಳಗಿನ ತಂತ್ರಾಂಶದ ಮೇಲಿನ ಪದರಗಳು ತಾಳ್ಮೆ ಕಳೆದುಕೊಳ್ಳುತ್ತವೆ, ಫೈಲು ನಿಲ್ಲುತ್ತದೆ, ಕರೆಯಾಗಿದ್ದರೆ ದನಿ ತುಂಡಾಗುತ್ತದೆ.

ಮೂರನೆಯದು: ಮುಂಚೆಯೇ ಗುರುತಿಟ್ಟುಕೊಂಡ ಇನ್ನೊಂದು ದಾರಿಗೆ ನೆಗೆಯಬಹುದು.

ಅದು ನಿಮ್ಮ ಹತ್ತಿರ ಇದೆಯೇ? ಇದೆ. ಸಂಕೇತ ಚೆನ್ನಾಗಿದ್ದ ಕಾಲದಲ್ಲೇ ನೀವು ಕಂಬಕ್ಕೆ ವರದಿ ಕೊಡುತ್ತಿದ್ದಿರಿ. ಅತ್ಯುತ್ತಮ ಬೀಮ್ ಒಂದನ್ನೇ ಹೇಳಿ ಸುಮ್ಮನಾಗದೆ, ಒಂದು ವರದಿಯಲ್ಲಿ ನಾಲ್ಕು ಬೀಮ್‌ಗಳವರೆಗೆ ಹೇಳಲು ನಿಯಮ ಅವಕಾಶ ಕೊಡುತ್ತದೆ. ಎರಡನೆಯದು ಇಲ್ಲೂ ನಿಮ್ಮ ಬೆನ್ನ ಹಿಂದಿರುವ ಗಾಜಿನ ಕಟ್ಟಡವೊಂದರಿಂದ ಚಿಮ್ಮಿ ಬರುವ ಬೀಮ್. ಬಲದಲ್ಲಿ ಮೊದಲನೆಯದರ ಹತ್ತನೇ ಒಂದು ಪಾಲು ಇರಬಹುದು. ಚೆನ್ನಾಗಿದ್ದಾಗ ಅದರ ಕಡೆ ತಿರುಗಿಯೂ ನೋಡಿರಲಿಲ್ಲ.

ಎಣಿಕೆ ಮಿತಿ ಮುಟ್ಟಿತು. ನೆಗೆಯಿರಿ. ಬೆನ್ನಿನ ಕಡೆಗೆ ಕಿವಿ ತಿರುಗಿಸಿ, ಆ ಬೀಮ್‌ಗೆಂದೇ ಕಾಯ್ದಿಟ್ಟ ಕಿರುಸಂಕೇತವನ್ನು ಕಳಿಸಿ. ಹೋಯಿತು. ಉತ್ತರವಿಲ್ಲ. ಕಂಬ ಕೇಳಿಸಿಕೊಂಡಿತೇ? ಉತ್ತರಕ್ಕೆ ಕಾಯಲು ಒಂದು ಚಿಕ್ಕ ಅವಧಿ ಮಾತ್ರ ಇದೆ. ಗದ್ದಲ. ಗದ್ದಲ. ಗದ್ದಲ. ಬಂತು. ಸಣ್ಣ ದನಿ, ಆದರೆ ಸ್ಪಷ್ಟ. ಕಂಬವೂ ತನ್ನ ಬೀಮನ್ನು ಗಾಜಿನ ಕಡೆ ತಿರುಗಿಸಿದೆ. ಬಸ್ಸಿನ ಹಿಂಭಾಗ ಇನ್ನೂ ದಾಟಿಲ್ಲ, ಫೈಲು ಮತ್ತೆ ಇಳಿಯುತ್ತಿದೆ, ನಿಧಾನವಾಗಿ.

ಉಳಿಸಿದ್ದು ಯಾವುದು? ನೆಗೆದ ಧೈರ್ಯ ಎನ್ನಲಾರೆ. ಬೆಳಕಿದ್ದಾಗ ಎರಡನೆಯ ದಾರಿಯನ್ನು ನೋಡಿಟ್ಟ ಎಚ್ಚರ ಉಳಿಸಿತು. ಬೀಮ್ ಆಯ್ಕೆಯ ವಿದ್ಯೆಯ ತಿರುಳೆಲ್ಲ ಇದರಲ್ಲಿದೆ ಎಂದು ನಾನು ನಂಬುತ್ತೇನೆ. ಪ್ರತಿ ಸಲ ಎಲ್ಲ ಕಡೆ ನೋಡುವುದು ಪ್ರಾಮಾಣಿಕತೆಯಂತೆ ಕಾಣುತ್ತದೆ, ಆದರೆ ಅಷ್ಟು ಹೊತ್ತು ಯಾರಿಗೂ ಇಲ್ಲ. ಕಡಿಮೆ ನೋಡಿ ಹೆಚ್ಚು ತಿಳಿಯಬೇಕು. ಹಾಗೆ ಮಾಡಬಹುದಾದ ಕಾರಣ ಆಗಲೇ ನಿಮ್ಮ ಕೈಯಲ್ಲಿದೆ: ಸಂಕೇತ ಬರುವುದು ಎರಡು-ಮೂರು ದಿಕ್ಕುಗಳಿಂದ ಮಾತ್ರ, ಉಳಿದದ್ದು ಬರಿದು.

ಮತ್ತೆ ಕಂಬವೇರಿ ಡಬ್ಬಿಯೊಳಗೆ ಕೂತುಕೊಳ್ಳಿ. ಈ ಬರಿದನ್ನು ಬಳಸಿಕೊಳ್ಳುವ ಬಗೆಗಳನ್ನು ಒಂದೊಂದಾಗಿ ಕೈಯಾರೆ ಮಾಡಿ ನೋಡೋಣ.

ಮೊದಲ ಬಗೆ, ಅಗಲದಿಂದ ಕಿರಿದಕ್ಕೆ. 64 ಚೂಪು ಬೀಮ್‌ಗಳನ್ನು ಬದಿಗಿಟ್ಟು ಎಂಟು ಅಗಲ ಬೀಮ್‌ಗಳಲ್ಲಿ ಕೂಗಿ. ಒಂದಕ್ಕೆ ಉತ್ತರ ಬಂತು. ಈಗ ಆ ಒಂದರೊಳಗಿನ ಎಂಟು ಚೂಪು ಬೀಮ್‌ಗಳಲ್ಲಿ ಮಾತ್ರ ಕೂಗಿ. ಹದಿನಾರು ಕೂಗಿಗೆ ಕೆಲಸ ಮುಗಿಯಿತು. ನಿರಾಳವೆನಿಸುತ್ತದೆ. ಆದರೆ ಮೊದಲ ಹೆಜ್ಜೆಯ ಭಾರ ನೋಡಿ. ಅಗಲ ಬೀಮ್ ಎಂದರೆ ದುರ್ಬಲ ಬೀಮ್. ಬೀದಿಯ ಆ ತುದಿಯಲ್ಲಿ ನಿಂತವರಿಗೆ ಅದು ಕೇಳುವುದೇ ಇಲ್ಲ. ಗದ್ದಲದಲ್ಲಿ ಮೂರನೆಯದನ್ನು ನಾಲ್ಕನೆಯದು ಎಂದು ತಪ್ಪು ತಿಳಿದಿರೋ, ಆಮೇಲಿನ ಎಂಟು ಕೂಗೂ ಖಾಲಿ ಬೀದಿಗೆ ಹೋಗುತ್ತವೆ. ಹತ್ತಿರದವರಿಗೆ ಇದು ವರ, ದೂರದವರಿಗೆ ಜೂಜು.

ಎರಡನೆಯ ಬಗೆ, ಒಂದೇ ಸಲ ಹಲವು ದಿಕ್ಕಿಗೆ ಒಟ್ಟಿಗೆ ಕಿವಿಗೊಡುವುದು. ಇದಕ್ಕೆ ಮನಸ್ಸು ಒಪ್ಪಲು ಸ್ವಲ್ಪ ಹೊತ್ತು ಬೇಕು. ಬೀಮನ್ನು ಹಲವು ತೋಳುಗಳಾಗಿ ಸೀಳಿ, ಅಲ್ಲೊಂದು ಇಲ್ಲೊಂದು ದಿಕ್ಕಿಗೆ ಒಟ್ಟಿಗೆ ಕಿವಿ ಕೊಡಿ. ಸದ್ದು ಬಂತು. ಯಾವ ತೋಳಿನಿಂದ ಎಂದು ತಿಳಿಯದು. ಈಗ ಬೇರೆ ದಿಕ್ಕುಗಳನ್ನು ಬೇರೆ ಥರ ಕಲಸಿ ಇನ್ನೊಂದು ಗುಂಪು ಮಾಡಿ ಕೇಳಿ. ಮತ್ತೊಂದು. ಸದ್ದು ಬಂದ ಎಲ್ಲ ಗುಂಪಿನಲ್ಲೂ ಇದ್ದ ದಿಕ್ಕು ಯಾವುದೋ ಅದೇ ನಿಮಗೆ ಬೇಕಾದ್ದು. ಸಂಶೋಧಕರಾದ ಹೈಥಮ್ ಹಸನೀಹ್, ದೀನಾ ಕತಾಬಿ, ಪ್ಯೋಟರ್ ಇಂಡಿಕ್ ಮತ್ತು ಸಂಗಡಿಗರು 2018ರಲ್ಲಿ ಮುಂದಿಟ್ಟ 'ಅಜೈಲ್-ಲಿಂಕ್' ವಿಧಾನದ ಹೂರಣ ಇದು. ದಿಕ್ಕುಗಳು ಎರಡು ಪಟ್ಟಾದರೆ ಅಳತೆಗಳೂ ಎರಡು ಪಟ್ಟಾಗಬೇಕಿಲ್ಲ, ಲಾಗರಿದಮಿನ ನಿಧಾನಗತಿಯಲ್ಲಿ ಬೆಳೆದರೆ ಸಾಕು. ನೂರಾರು ದಿಕ್ಕುಗಳ ಮುಂದೆ ಕೂತ ನಿಮಗೆ ಈ ಮಾತು ಮೈಭಾರ ಇಳಿಸಿದ ಹಾಗಿರುತ್ತದೆ.

ಇದು ಹಾಳೆಯ ಮೇಲಿನ ಆಟವೇ? ಅಲ್ಲ ಎಂಬುದಕ್ಕೆ ಅಂಗಡಿಯಲ್ಲಿ ಸಿಗುತ್ತಿದ್ದ ಪೆಟ್ಟಿಗೆಯೊಂದು ಸಾಕ್ಷಿ. 60 ಗಿಗಾಹರ್ಟ್ಸಿನಲ್ಲಿ ಮಾತಾಡುವ ಟಿಪಿ-ಲಿಂಕ್ ಕಂಪನಿಯ ಟ್ಯಾಲನ್ ವೈಫೈ ರೌಟರಿಗೆ 34 ದಿಕ್ಕುಗಳು. ಅದು ಎಲ್ಲವನ್ನೂ ಸುತ್ತಿ ನೋಡುತ್ತದೆ. 2017ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ವಿಶ್ವವಿದ್ಯಾಲಯದವರೂ ಅವರ ಜೊತೆಗಾರರೂ ಅದರ ಫರ್ಮ್‌ವೇರ್ ಬಿಚ್ಚಿ, ಪ್ರತಿ ಬೀಮಿನ ನಿಜವಾದ ಆಕಾರವನ್ನು ಮೊದಲೇ ಅಳೆದಿಟ್ಟುಕೊಂಡು, 14 ದಿಕ್ಕು ನೋಡಿ ಉಳಿದದ್ದನ್ನು ಲೆಕ್ಕದಿಂದ ತಿಳಿದರು. ಹುಡುಕುವ ಹೊತ್ತು ಅರ್ಧಕ್ಕಿಂತ ಕೆಳಗೆ ಬಂತು.

ಮೂರನೆಯ ಬಗೆ, ನೆನಪು. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದು. ನೀವು ಈ ಕಂಬದ ಮೇಲೆ ದಿನಗಟ್ಟಲೆ ಕೂತಿದ್ದೀರಿ. ಬಸ್ ನಿಲ್ದಾಣದಲ್ಲಿ ನಿಂತವರಿಗೆ ಹದಿನೇಳನೆಯ ಬೀಮ್ ಹೊಂದುತ್ತದೆ, ಅದು ತುಂಡಾದರೆ ಗಾಜಿನಿಂದ ಚಿಮ್ಮುವ ನಲವತ್ತೊಂದನೆಯದು ಹೊಂದುತ್ತದೆ ಎಂದು ಸಾವಿರಾರು ಸಲ ಕಂಡಿದ್ದೀರಿ. ಹದಿನೇಳರಿಂದ ಹದಿನೆಂಟಕ್ಕೆ, ಹದಿನೆಂಟರಿಂದ ಹತ್ತೊಂಬತ್ತಕ್ಕೆ ಸರಿಯುತ್ತಿರುವ ಫೋನು ನಡೆಯುತ್ತಿದೆ, ಮುಂದಿನದು ಇಪ್ಪತ್ತು ಎಂದು ಹೇಳಲು ಮತ್ತೆ 64 ಕೂಗು ಏಕೆ? ಮೊಬೈಲ್ ನಿಯಮಗಳನ್ನು ಬರೆಯುವ 3ಜಿಪಿಪಿ ಸಂಸ್ಥೆ ತನ್ನ 18ನೆಯ ಆವೃತ್ತಿಯಲ್ಲಿ ಇದನ್ನೇ ಅಧ್ಯಯನಕ್ಕೆ ಎತ್ತಿಕೊಂಡಿತು. ಕೆಲವೇ ಬೀಮ್‌ಗಳನ್ನು ಅಳೆದು ಉಳಿದವನ್ನು ಊಹಿಸುವುದು ಒಂದು. ಕಳೆದ ಕ್ಷಣಗಳ ಅಳತೆಯಿಂದ ಬರುವ ಕ್ಷಣದ ಬೀಮನ್ನು ಊಹಿಸುವುದು ಇನ್ನೊಂದು. ಎರಡನ್ನೂ ಕಲಿಯುವ ಯಂತ್ರಕ್ಕೆ, ಅಂದರೆ ಎಐ ಮಾದರಿಗೆ ಒಪ್ಪಿಸಬಹುದೇ ಎಂಬುದು ಪ್ರಶ್ನೆ.

ಆ ಅಧ್ಯಯನದಲ್ಲೇ ಎದ್ದ ಒಂದು ಚಿಂತೆಯನ್ನು ಕಂಬದ ಮೇಲೆ ಕೂತೇ ಅನುಭವಿಸಿ. ನಾಳೆ ನಿಮ್ಮನ್ನು ಇಲ್ಲಿಂದ ಬಿಚ್ಚಿ ಬೇರೆ ಊರಿನ ಬೀದಿಗೆ ಹಾಕುತ್ತಾರೆ. ತಲೆ ತುಂಬ ಈ ಬೀದಿಯ ನೆನಪು. ಗಾಜು ಇರಬೇಕಾದ ಕಡೆ ಗಾಜಿಲ್ಲ. ಬಸ್ ನಿಲ್ದಾಣವಿದ್ದ ಕಡೆ ಮರವಿದೆ. ಭರವಸೆಯಿಂದ ಬೀಮ್ ಎಸೆಯುತ್ತೀರಿ, ಅದು ಎಲೆಗಳಲ್ಲಿ ಹೂತುಹೋಗುತ್ತದೆ. ಏನೂ ತಿಳಿಯದವನು ಎಲ್ಲ ಕಡೆ ಹುಡುಕುತ್ತಾನೆ, ತಪ್ಪು ತಿಳಿದವನು ಹುಡುಕುವುದೇ ಇಲ್ಲ.

ಹಾಗಾದರೆ ಬನ್ನಿ, ಬೆಂಗಳೂರಿಗೆ. ಮಲ್ಲೇಶ್ವರದ ಸಂಪಿಗೆ ರಸ್ತೆ, ಜೂನ್ ತಿಂಗಳ ಸಂಜೆ. ಮಳೆ ಈಗಷ್ಟೇ ಹಿಡಿದಿದೆ. ಒದ್ದೆ ಮಣ್ಣು, ಮಲ್ಲಿಗೆ, ಹುರಿದ ಕಡಲೆಕಾಯಿ, ಆಟೋದ ಹೊಗೆ ಎಲ್ಲ ಒಂದಾಗಿ ಮೂಗಿಗೆ ಬಡಿಯುತ್ತವೆ. 2022ರ ಹರಾಜಿನಲ್ಲಿ ನಮ್ಮ ದೇಶದಲ್ಲೂ 26 ಗಿಗಾಹರ್ಟ್ಸಿನ ತರಂಗಗಳು ಮಾರಾಟವಾಗಿವೆ. ಅಲೆಯ ಉದ್ದ ಹನ್ನೊಂದೂವರೆ ಮಿಲಿಮೀಟರ್. ಆ ಕೊಂಬನ್ನು ಮನಸ್ಸಿನಲ್ಲೇ ಇಲ್ಲಿ ತಿರುಗಿಸಿ ನೋಡಿ. ಮಳೆಗೆ ಅಷ್ಟೊಂದು ಹೆದರಬೇಕಾಗಿಲ್ಲ: ಗಂಟೆಗೆ 25 ಮಿಲಿಮೀಟರಿನ ಜೋರು ಮಳೆಯೂ 28 ಗಿಗಾಹರ್ಟ್ಸಿನಲ್ಲಿ ಕಿಲೋಮೀಟರಿಗೆ ಸುಮಾರು 7 ಡೆಸಿಬಲ್ ತಿನ್ನುತ್ತದೆ, 200 ಮೀಟರಿಗೆ ಅದು ಒಂದೂವರೆಯೂ ಆಗದು. ಆದರೆ ಮಳೆಯಲ್ಲಿ ನೆನೆದ ಈ ಮರಗಳ ದಟ್ಟ ಎಲೆ? ಅಂಗಡಿ ಮುಂದೆ ಇಳಿಬಿಟ್ಟ ತಗಡಿನ ಮಾಡು? ಒಂದರ ಹಿಂದೊಂದು ನಿಂತ ಬಿಎಂಟಿಸಿ ಬಸ್ಸುಗಳು? ಕೊಡೆಗಳ ಅಡಿ ಒತ್ತಿಕೊಂಡು ನಡೆಯುವ ಜನ? ಇವುಗಳಲ್ಲಿ ಯಾವುದು ದಾರಿ ಮುಚ್ಚುತ್ತದೆ, ಯಾವುದು ಎರಡನೆಯ ದಾರಿ ತೆರೆಯುತ್ತದೆ? ಗಾಜಿನ ಕಟ್ಟಡಗಳ ನಗರದಲ್ಲಿ ಕಲಿತ ನೆನಪು ಇದಕ್ಕೆ ಉತ್ತರ ಕೊಡಲಾರದು.

ಬೀಮ್ ಆಯ್ಕೆಯನ್ನು ನೆನಪಿಗೆ ಒಪ್ಪಿಸುವ ಕಾಲ ಬರುತ್ತಿದೆ. ಯಾರ ಬೀದಿಗಳು ಆ ನೆನಪಿನೊಳಗೆ ಸೇರುತ್ತವೋ ಅವರ ಬೀದಿಗಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಎಲೆಕ್ಟ್ರಾನಿಕ್ಸ್ ವಿಭಾಗಗಳಿಗೆ, ಅಲ್ಲಿ ಓದುವ ಹುಡುಗ ಹುಡುಗಿಯರಿಗೆ ನನ್ನ ಕೋರಿಕೆ ಇಷ್ಟೇ. ಸಿಮ್ಯುಲೇಷನ್ನಿನ ನೆಟ್ಟಗಿನ ಬೀದಿಗಳನ್ನು ಬಿಟ್ಟು ಹೊರಗೆ ಬನ್ನಿ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ, ಮಂಗಳೂರಿನ ಹಂಪನಕಟ್ಟೆಯಲ್ಲಿ, ಮೈಸೂರಿನ ದೇವರಾಜ ಮಾರುಕಟ್ಟೆಯ ಸುತ್ತ ಗಾಡಿ ತಳ್ಳಿ, ದಿಕ್ಕು ದಿಕ್ಕಿಗೂ ತಿರುಗಿಸಿ, ಸಿಕ್ಕದ್ದನ್ನೂ ಸಿಗದ್ದನ್ನೂ ಬರೆದಿಡಿ, ಬರೆದದ್ದನ್ನು ಎಲ್ಲರಿಗೂ ತೆರೆದಿಡಿ. ನಮ್ಮ ಬೀದಿಯನ್ನು ನಮ್ಮ ಪರವಾಗಿ ಬೇರೆ ಯಾರೂ ಅಳೆದುಕೊಡುವುದಿಲ್ಲ. ಈ ಮಳೆಗಾಲದಲ್ಲೇ ಶುರುಮಾಡಿ.